ಬಾಂಡಲಿಗೆ ಬೆನ್ನು ಹಾಕಿ ಕೂರುವವರಿಲ್ಲ

ಬೆಳಿಗ್ಗೆ ಆರಕ್ಕೆ ಶಿಡ್ಲಘಟ್ಟದ ಆ ರೀಲಿಂಗ್ ಶೆಡ್ಡಿನೊಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಬೆಂದ ರೇಷ್ಮೆಹುಳುವಿನ ವಾಸನೆ. ಆಮೇಲೆ ಹಬೆ. ಹಬೆಯೊಳಗೆ ಸಾಲಾಗಿ ಕೂತ ಹದಿನಾಲ್ಕು ಹೆಂಗಸರು, ಒಬ್ಬೊಬ್ಬರ ಮುಂದೆಯೂ ಬಿಸಿನೀರಿನ ಬಾಂಡಲಿ, ಅದರಲ್ಲಿ ತೇಲುವ ಗೂಡುಗಳು. ಮೂರನೆಯ ಬಾಂಡಲಿ ಮೆಹಬೂಬ್ ಬೀ ಅವರದು. ವಯಸ್ಸು ನಲವತ್ತಾರು. ನೀರಿಗೆ ಬೆರಳದ್ದಿ, ಗೂಡಿನ ಎಳೆ ಹಿಡಿದು, ತಿರುಗುವ ರಾಟೆಗೆ ಕೊಡುತ್ತಾರೆ. ದಿನಕ್ಕೆ ಹತ್ತು ಗಂಟೆಯ ಈ ಕೆಲಸ ಶುರುವಾಗಿ ಇಪ್ಪತ್ತೆಂಟು ವರ್ಷವಾಗಿದೆ. ಬೆರಳ ತುದಿಗಳು ನೆಂದು ಬೆಳ್ಳಗೆ ಸುಕ್ಕುಗಟ್ಟಿವೆ.

ಕೈ ಕೆಲಸದಲ್ಲಿದ್ದರೂ ಅವರ ಕಣ್ಣು ಸಾಲಿನ ಕೊನೆಗೆ ಹೋಗುತ್ತದೆ. ಅಲ್ಲಿ ಆಂಜಿನಮ್ಮ ಕೂತಿದ್ದಾಳೆ. ಮಂಡಿಕಲ್ ಕಡೆಯಿಂದ ಮದುವೆಯಾಗಿ ಬಂದ ಇಪ್ಪತ್ತೆರಡರ ಹುಡುಗಿ. ಸೆರಗನ್ನು ಎರಡೂ ಭುಜಕ್ಕೆ ಬಿಗಿಯಾಗಿ ಹೊದ್ದಿದ್ದಾಳೆ. ಈ ಶೆಡ್ಡಿನ ಸೆಕೆಯಲ್ಲಿ ಯಾರೂ ಹಾಗೆ ಹೊದೆಯುವುದಿಲ್ಲ. ಮೆಹಬೂಬ್ ಬೀ ಎದ್ದು ಹೋಗಿ ಸೆರಗು ಸರಿಸುತ್ತಾರೆ. ಕತ್ತಿನ ಹಿಂದಿನಿಂದ ಬೆನ್ನಿನವರೆಗೆ ಚರ್ಮ ಕೆಂಪಗೆ ಬೊಬ್ಬೆ ಎದ್ದಿದೆ. ಬಾಂಡಲಿ ನೀರು ಎಗರಿತು ಎನ್ನುತ್ತಾಳೆ ಹುಡುಗಿ, ತಲೆ ಎತ್ತದೆ.

"ಬಾಂಡಲಿ ಮುಂದೆ ಐತೆ ಕಣಮ್ಮ, ಬೆನ್ನು ಹಿಂದೆ ಐತೆ. ನೀರು ನಿನ್ನ ಸುತ್ತು ಹಾಕ್ಕೊಂಡು ಬಂತಾ?"

ಆಂಜಿನಮ್ಮ ಸೆರಗನ್ನು ಮತ್ತೆ ಎಳೆದುಕೊಳ್ಳುತ್ತಾಳೆ. ಅಳುತ್ತಾಳೆ.

ಇದೇ ಪ್ರಶ್ನೆಯನ್ನು ಹನ್ನೆರಡು ವರ್ಷದ ಹಿಂದೆ, 1982ರಲ್ಲಿ, ಯಾರಾದರೂ ಒಬ್ಬರು ಮೆಹಬೂಬ್ ಬೀಯನ್ನು ಕೇಳಬಹುದಿತ್ತು. ಟೀ ತಡವಾಯಿತೆಂದು ಗಂಡ ಒಲೆಯ ಮೇಲಿದ್ದ ಪಾತ್ರೆಯನ್ನೇ ಎತ್ತಿ ಅವರ ಬೆನ್ನಿಗೆ ಸುರಿದ. ಟೀ ತಡವಾದದ್ದಕ್ಕೆ! ಅತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದರು, ಅಲ್ಲಿ ಅತ್ತೆಯೇ ಉತ್ತರ ಹೇಳಿದರು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ. ಮೇಜಿನ ಹಿಂದಿದ್ದ ಮಹಾಶಯರು ತಲೆ ಎತ್ತದೆ ಚೀಟಿ ಬರೆದರು: 'ರೀಲಿಂಗ್ ಕೆಲಸದಲ್ಲಿ ಬಿಸಿನೀರು ತಗುಲಿ ಬೆನ್ನು ಸುಟ್ಟಿದೆ.' ಬರೆದವರು ಓದಿದವರು, ರೇಷ್ಮೆ ಊರಿನ ಅನ್ನ ಉಂಡವರು. ಬಾಂಡಲಿಗೆ ಬೆನ್ನು ಹಾಕಿ ಕೂತು ನೂಲು ತೆಗೆಯುವ ಒಬ್ಬಳನ್ನಾದರೂ ಅವರು ಕಂಡಿದ್ದರೇ? ಸುಳ್ಳು ಬರೆಯುವವರಿಗೆ ಅಷ್ಟು ಯೋಚಿಸುವ ದರ್ದೂ ಇರಲಿಲ್ಲ.

ಮುಂದೆ ಮನೆಯವರು ಕೂತು ಪಂಚಾಯ್ತಿ ಮಾಡಿದಾಗ ಗಂಡ ಜೇಬಿನಿಂದ ಅದೇ ಚೀಟಿ ತೆಗೆದು ತೋರಿಸಿದ. ದೂರು ಕೊಡಲು ಹೋದಲ್ಲೂ ಅದೇ ಮಾತು: ಕಾಗದದಲ್ಲಿ ಕೆಲಸ ಅಂತಿದೆಯಲ್ಲಮ್ಮ. ಹೆಂಗಸಿನ ಬೆನ್ನಿಗಿಂತ ಆ ತುಂಡು ಕಾಗದವೇ ಹೆಚ್ಚಾಯಿತು. ಮೆಹಬೂಬ್ ಬೀ ಅಕ್ಕನ ಮನೆ ಸೇರಿದರು. ಗಂಡ ಇನ್ನೊಂದು ಮದುವೆಯಾಗಿ ಊರಿಗೆ ಮರ್ಯಾದಸ್ಥನಾಗಿಯೇ ಉಳಿದ.

ಮೂರು ವರ್ಷ ಅವರೂ ಬಾಯಿ ಬಿಡಲಿಲ್ಲ. ಪಕ್ಕದ ಬಾಂಡಲಿಯ ಮುನಿಗಂಗಮ್ಮ ಎರಡು ಸಲ ಸುಟ್ಟ ಕತ್ತು, ಸುಟ್ಟ ಬೆನ್ನು ಹೊತ್ತು ಕೆಲಸಕ್ಕೆ ಬಂದಳು. ಕೆಲಸದ ಗಾಯವೆಂದು ಎಲ್ಲರೂ ಅರಿಶಿನ ಹಚ್ಚಿದರು. ಮೂರನೆಯ ಸಲ ಅವಳು ಬರಲೇ ಇಲ್ಲ. ಸ್ಟವ್ ಸಿಡಿಯಿತು ಎಂದರು ಮನೆಯವರು. ಈ ತಾಲ್ಲೂಕುಗಳಲ್ಲಿ ಸ್ಟವ್‌ಗಳು ಸೊಸೆಯಂದಿರನ್ನೇ ಆರಿಸಿ ಸಿಡಿಯುತ್ತವೆ, ಏನು ಮಾಯವೋ!

"ನನಗೆ ಗೊತ್ತಾಗ್ಲಿಲ್ಲ ಅಂತ ಸುಳ್ಳು ಹೇಳಲ್ಲಮ್ಮ," ಎನ್ನುತ್ತಾರೆ ಮೆಹಬೂಬ್ ಬೀ, ಅವರ ಕತೆ ಬರೆಯಲು ಬಂದ ನನಗೆ. "ಗೊತ್ತಿತ್ತು. ನನ್ನ ಬೆನ್ನಿಗೇ ಗೊತ್ತಿತ್ತು. ಸುಮ್ನಿದ್ದೆ."

ಮುನಿಗಂಗಮ್ಮನನ್ನು ಮಣ್ಣು ಮಾಡಿದ ಮೂರನೆಯ ದಿನ, ಹತ್ತು ಗಂಟೆಯ ಟೀ ಹೊತ್ತಿಗೆ, ಮೆಹಬೂಬ್ ಬೀ ಶೆಡ್ಡಿನ ಬಾಗಿಲು ಮುಂದೆ ಮಾಡಿ, ಹೆಂಗಸರ ಎದುರು ಬೆನ್ನು ತಿರುಗಿಸಿ, ಸೆರಗು ಇಳಿಸಿ ನಿಂತರು. ಯಾರು ಮಾಡಿದ್ದು, ಯಾಕೆ ಮಾಡಿದ್ದು, ಕಾಗದದಲ್ಲಿ ಏನು ಬರೆದರು, ಎಲ್ಲ ಹೇಳಿದರು. ಅವತ್ತಿನಿಂದ ಹೇಳುತ್ತಲೇ ಇದ್ದಾರೆ. ಭಾನುವಾರ ಬಸ್ ಹತ್ತಿ ಚಿಂತಾಮಣಿ, ಗೌರಿಬಿದನೂರು, ಕರೆದ ಕಡೆಗೆಲ್ಲ ಹೋಗುತ್ತಾರೆ. ಮಂಚೇನಹಳ್ಳಿಯಲ್ಲಿ ಒಬ್ಬ ಗಂಡಸು ಎದ್ದು, ಮನೆ ವಿಷಯ ಬೀದಿಗೆ ತರುತ್ತೀಯಾ ಎಂದು ದಬಾಯಿಸಿದನಂತೆ. "ಬೆನ್ನನ್ನ ಮನೇಲೇ ಬಿಟ್ಟು ಬರೋಕಾಗುತ್ತೇನಪ್ಪ?" ಎಂದು ಇವರು ಕೇಳಿದ ಮೇಲೆ ಅವನು ಕೂತ.

ಇಷ್ಟು ವರ್ಷದಲ್ಲಿ ನಲವತ್ತೊಂದು ಹೆಂಗಸರು ಅವರ ಬಳಿ ನಿಜ ಹೇಳಿಕೊಂಡಿದ್ದಾರೆ. ಆಸ್ಪತ್ರೆಯ ಚೀಟಿಯಲ್ಲಿ ಆ ನಿಜ ಬರೆಸಲು ಆದದ್ದು ಏಳು ಜನರಿಗೆ. ಉಳಿದ ಮೂವತ್ತನಾಲ್ಕು ಬೆನ್ನುಗಳು ಇವತ್ತಿಗೂ ಕಾಗದದ ಮೇಲೆ 'ಕೆಲಸದಲ್ಲಿ ಸುಟ್ಟಿದೆ'. ಈ ಲೆಕ್ಕ ಕೇಳಿ ನಾಚಬೇಕಾದವರು ಹೆಂಗಸರಲ್ಲ.

ಹತ್ತು ಗಂಟೆಗೆ ಆಂಜಿನಮ್ಮನ ಕೈ ಹಿಡಿದು ಅವರು ಆಸ್ಪತ್ರೆಗೆ ಹೊರಡುತ್ತಾರೆ. ನಾನೂ ಹಿಂದೆ ಹೋಗುತ್ತೇನೆ. ಹನ್ನೆರಡು ವರ್ಷದ ಹಿಂದಿನ ಅದೇ ಮೇಜು, ಮೇಜಿನ ಹಿಂದೆ ಹೊಸ ಮುಖ. ಊರು, ಕಸುಬು ಕೇಳಿದ್ದೇ ತಡ, ಪೆನ್ನು ತಾನಾಗಿ ಓಡುತ್ತದೆ: 'ರೀಲಿಂಗ್ ಕೆಲಸದಲ್ಲಿ...' ಮೆಹಬೂಬ್ ಬೀ ತಮ್ಮ ಸುಕ್ಕುಗಟ್ಟಿದ ಅಂಗೈಯನ್ನು ಚೀಟಿಯ ಮೇಲೆ ಊರುತ್ತಾರೆ.

"ಅವಳನ್ನ ಕೇಳಿ ಬರೀರಿ ಸಾರ್."

ಆತ ರೇಗುತ್ತಾನೆ. ಹೊರಗೆ ಜನ ಕಾಯುತ್ತಿದ್ದಾರೆ, ಕೈ ತೆಗಿ ಎನ್ನುತ್ತಾನೆ. ಕೈ ಅಲ್ಲೇ ಇರುತ್ತದೆ. ಆಂಜಿನಮ್ಮ ನೆಲ ನೋಡುತ್ತಾಳೆ, ಬಾಗಿಲು ನೋಡುತ್ತಾಳೆ. ಮನೆಗೆ ಹೋದರೆ ಏನಾಗುತ್ತದೆಂದು ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಇವತ್ತು ನಮ್ಮನೇಲೇ ಇರು ಎಂದು ಮೆಹಬೂಬ್ ಬೀ ಮೆಲ್ಲಗೆ ಹೇಳುತ್ತಾರೆ.

"ಕೆಲಸದಲ್ಲಲ್ಲ ಸಾರ್," ಎನ್ನುತ್ತಾಳೆ ಹುಡುಗಿ. "ನನ್ನ ಗಂಡ ಬಿಸ್ನೀರು ಹುಯ್ದ. ಹೆಸ್ರು ಬರ್ಕಳಿ, ಹೇಳ್ತೀನಿ."

ಆತ ಬರೆದ ಸಾಲಿನ ಮೇಲೆ ಗೀಟು ಹಾಕಿ, ಕೆಳಗೆ ಹೊಸದಾಗಿ ಬರೆಯುತ್ತಾನೆ. ಎಂಟನೆಯದು.

ಹೊರಗೆ ಬೇವಿನ ಮರದ ಕೆಳಗೆ ಕೂತು ಮೆಹಬೂಬ್ ಬೀ ಪ್ಲಾಸ್ಟಿಕ್ ಕವರಿನಿಂದ ಹಳೇ ಚೀಟಿಯೊಂದನ್ನು ತೆಗೆಯುತ್ತಾರೆ. ಪಂಚಾಯ್ತಿಯಲ್ಲಿ ಗಂಡನ ಕೈಯಿಂದ ಕಿತ್ತುಕೊಂಡದ್ದಂತೆ. ಮಡಿಕೆಗಳಲ್ಲಿ ಹರಿದಿದೆ, ಅಕ್ಷರ ಮಾಸಿಲ್ಲ. ನಿಮಗೆ ಈಗ ಏನು ಬೇಕು ಎಂದು ನಾನು ಕೇಳಿದ್ದಕ್ಕೆ ಅದನ್ನು ನನ್ನ ಮುಂದೆ ಹಿಡಿಯುತ್ತಾರೆ.

"ಇದಕ್ಕೂ ಒಂದು ಗೀಟು ಹಾಕ್ಕೊಡ್ತಾರಾ ಕೇಳಮ್ಮ. ಅವನಿಗೆ ಶಿಕ್ಷೆ ಆಗ್ಲಿ ಅಂತ ಈಗ ಕೇಳಲ್ಲ. ಇಪ್ಪತ್ತೆಂಟು ವರ್ಷದಿಂದ ಈ ಕೆಲಸ ನನಗೆ ಅನ್ನ ಹಾಕಿದೆ. ಒಂದಿನಾನೂ ನನ್ನ ಬೆನ್ನು ಸುಟ್ಟಿಲ್ಲ."