ಪಂಚಮಿಗೆ ಕರೆಯಲು ಬರುವವನು

ಎಪ್ಪತ್ತರ ದಶಕದಲ್ಲಿ ನಮ್ಮ ಕಾಲೇಜಿನ ಗುಂಪು ಸೇವಾ ಶಿಬಿರಕ್ಕೆಂದು ಮೈಸೂರಿನಿಂದ ಮಹಾರಾಷ್ಟ್ರದ ಗಡಿಯ ಕನ್ನಡ ಹಳ್ಳಿ ನಾಗಣಸೂರಕ್ಕೆ ಹೋಗಿ ಶಾಲೆಗೊಂದು ಗೋಡೆ ಕಟ್ಟಿತ್ತು. ಹೊರಡುವ ಬೆಳಿಗ್ಗೆ, ಶಿಬಿರದಷ್ಟು ದಿನವೂ ನನ್ನನ್ನು ಮನೆಯಲ್ಲಿಟ್ಟುಕೊಂಡಿದ್ದ ಆ ಊರಿನ ಅವ್ವ ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಇಟ್ಟು ತವರಿನಿಂದ ಹೊರಟ ಮಗಳಿಗೆ ತುಂಬುವಂತೆ ಉಡಿ ತುಂಬಿದಳು. ಅವಳಿಗೆ ಹೆಣ್ಣುಮಕ್ಕಳಿರಲಿಲ್ಲ.

"ಪಂಚಮಿಗೆ ಕರಿಯಾಕ ನಿಮ್ಮಣ್ಣನ್ನ ಕಳಸ್ತೀನಿ" ಎಂದಳು. ಆ ಸೀಮೆಯಲ್ಲಿ ಅಣ್ಣ ಬಂದು ಕರೆಯದೆ ಮದುವೆಯಾದ ಮಗಳು ನಾಗರಪಂಚಮಿ ಹಬ್ಬಕ್ಕೆ ತವರಿಗೆ ಹೊರಡುವುದಿಲ್ಲ.

ಅವಳ ಮಗ ನಕ್ಕ. "ಮೈಸೂರಂದ್ರ ಇಲ್ಲೇ ಮಗ್ಗಲದ ಹೋಟಗಿ ಏನಬೇ, ಗಾಡಿ ಹೂಡಿ ಹೋಗಾಕ?"

"ಬಾಯಿ ಮುಚ್ಚೋ. ರೇಲ್ ಇಲ್ಲೇನು?" ಎಂದವಳು ನನ್ನತ್ತ ತಿರುಗಿದಳು. "ನೀ ಬರ್ತಿ ಇಲ್ಲೋ, ಅಷ್ಟ ಹೇಳವ್ವಾ."

ಬರುತ್ತೇನೆ ಎಂದೆನೋ, ಅಳುತ್ತ ತಲೆಯಾಡಿಸಿದೆನೋ, ಈಗ ನನ್ನ ನೆನಪನ್ನು ನಾನೇ ನಂಬಲಾರೆ. ಮಗನ ನಗು ನಿಂತದ್ದು ಮಾತ್ರ ಖಚಿತ. ತಾಯಿಯ ಮುಖ ನೋಡಿ ಅವನು ಮೆಲ್ಲಗೆ ಕೇಳಿದ: "ಸ್ಟೇಶನ್ನಿಂದ ನಿಮ್ಮ ಮನಿಗೆ ಹ್ಯಾಂಗ ಬರಬೇಕ, ತಂಗಿ?"

ಹೊರಗೆ ನಮ್ಮ ಲಾರಿ ಹಾರ್ನ್ ಹೊಡೆಯುತ್ತಿತ್ತು. ಅಷ್ಟು ದೂರ ಅವನು ಬರಲಾರನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ಅವ್ವನಿಗೆ ಕೇಳಿಸುವಂತೆ, ಒಂದೊಂದು ತಿರುವನ್ನೂ ಬಿಡಿಸಿ ಹೇಳಿದೆ.