ಹಸನಾಕನ ಕಾರಿನ ನಾಲ್ಕು ಪ್ಲಗ್ಗುಗಳು

ನಾನು ಸುಲಭಕ್ಕೆ ಏನನ್ನೂ ನಂಬುವ ಜನ ಅಲ್ಲ. ಬಂಟ್ವಾಳದ ಹತ್ತಿರದ ಮೆಲ್ಕಾರಿನಲ್ಲಿ ಇಪ್ಪತ್ತು ವರ್ಷ ಗ್ಯಾರೇಜು ಇಟ್ಟವನು. ಕಾರಿಗೆ ದೃಷ್ಟಿ ತಾಗಿತ್ತು, ಲಿಂಬೆಹಣ್ಣು ಕಟ್ಟಿದ ಮೇಲೆ ಸರಿಯಾಯಿತು ಎಂದು ಯಾರಾದರೂ ಹೇಳಿದರೆ, ಮೊದಲು ಆಯಿಲ್ ಬದಲಿಸಿ ಮಾರಾಯ್ರೇ ಎಂದು ಬೈದು ಕಳಿಸುತ್ತಿದ್ದೆ. ಇಂಜಿನ್ ಹಾಳಾಗುವುದಕ್ಕೆ ಕಾರಣ ಇರುತ್ತದೆ, ಸರಿಯಾಗುವುದಕ್ಕೂ ಇರುತ್ತದೆ. ಈಗಲೂ ಹಾಗೇ ಹೇಳುತ್ತೇನೆ. ಆದರೆ ಒಂದು ಬೆಳಗಿನ ವಿಷಯಕ್ಕೆ ಮಾತ್ರ ಆ ಕಾರಣ ನನಗೆ ಇನ್ನೂ ಸಿಕ್ಕಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಡಿಸೆಂಬರ್. ಘಾಟಿಯ ಬುಡದ ಚಾರ್ಮಾಡಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಹಸನಬ್ಬ, ನಮಗೆಲ್ಲ ಹಸನಾಕ, ಸಾಮಾನು ಕೊಳ್ಳಲು ಬಂಟ್ವಾಳಕ್ಕೆ ಬಂದಾಗಲೆಲ್ಲ ತಮ್ಮ ಹಳೆಯ ಡೀಸೆಲ್ ಕಾರನ್ನು ನನ್ನಲ್ಲಿಗೆ ತರುತ್ತಿದ್ದರು. ಬೆಳಿಗ್ಗೆ ಚಳಿಗೆ ಸ್ಟಾರ್ಟ್ ಆಗುವುದಿಲ್ಲ ಎಂಬ ದೂರು. ನನ್ನಲ್ಲಿಗೆ ಮುಟ್ಟುವಾಗ ಇಂಜಿನ್ ಬಿಸಿ. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್. ಮೂರು ಸಲ ಹೀಗೇ ಆಯಿತು.

"ನಿಮ್ಮನ್ನು ಕಂಡ್ರೆ ಅದಕ್ಕೆ ಹೆದರಿಕೆ ಮಾರಾಯ್ರೇ," ಎಂದು ಹಸನಾಕ ನಕ್ಕರು. "ಒಂದು ರಾತ್ರಿ ನಮ್ಮಲ್ಲಿ ನಿಲ್ಲಿ. ಬೆಳಿಗ್ಗೆ ಅದರ ಆಟ ನೋಡುವ."

ನಕ್ಕರೂ ಅವರಿಗೆ ಆತಂಕ ಇತ್ತು. ಮಗಳು ರುಕಿಯಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬಿತ್ತು. ಆಸ್ಪತ್ರೆ ಇರುವುದು ದೂರದ ಬೆಳ್ತಂಗಡಿಯಲ್ಲಿ.

ಹೋದೆ. ಆ ಕಡೆಯ ಎಲ್ಲ ಡೀಸೆಲ್ ಗಾಡಿಗಳ ಹಾಗೆ ಅವರ ಕಾರನ್ನೂ ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಬ್ರೇಕು ಬಿಟ್ಟು ಉರುಳಿಸಿ ಗೇರು ಹಾಕಿದರೆ ಇಂಜಿನ್ ಹಿಡಿದುಕೊಳ್ಳುತ್ತದೆ. ನನಗೆ ಸಿಟ್ಟು ಬಂತು. "ಹೀಗೆ ಮುಚ್ಚಿಟ್ರೆ ರೋಗ ಗೊತ್ತಾಗುವುದು ಹೇಗೆ?" ಎಂದು ಗದರಿಸಿ, ಕಾರನ್ನು ರಸ್ತೆಗಿಂತ ಕೆಳಗಿದ್ದ ಅಂಗಳಕ್ಕೆ ಇಳಿಸಿದೆ. ಅಲ್ಲಿಂದ ಅದನ್ನು ತಳ್ಳಿ ಹತ್ತಿಸುವುದು ನಾಲ್ಕು ಜನರಿಂದಲೂ ಆಗದ ಮಾತು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರುತ್ತಿದೆ, ಹತ್ತು ನಿಮಿಷದ ಕೆಲಸ ಎಂಬ ಧೈರ್ಯ ನನಗೆ. ಯಾವ ಬಿಡಿಭಾಗವನ್ನೂ ತಂದಿರಲಿಲ್ಲ.

ಬೆಳಿಗ್ಗೆ ಐದೂವರೆಗೆ ಎದ್ದು ಕೀ ತಿರುಗಿಸಿದೆ. ಗರಗರ ಎಂದಿತೇ ಹೊರತು ಹಿಡಿಯಲಿಲ್ಲ. ಪೈಪು ನೋಡಿದೆ, ಗಾಳಿ ಇಲ್ಲ, ಡೀಸೆಲ್ ಸರಿಯಾಗಿ ಬರುತ್ತಿದೆ. ಹಾಗಾದರೆ ಹೀಟರ್ ಪ್ಲಗ್. ಚಳಿಗೂ ಡೀಸೆಲ್ ಹೊತ್ತಿಕೊಳ್ಳಲೆಂದು, ಕೀ ಹಾಕಿದಾಗ ಸಿಲಿಂಡರಿನ ಒಳಗೆ ಕೆಂಪಗೆ ಕಾಯುವ, ಕಿರುಬೆರಳಿನಷ್ಟು ಉದ್ದದ ಕಡ್ಡಿಗಳು ಅವು. ನಾಲ್ಕನ್ನೂ ಬಿಚ್ಚಿ ಬ್ಯಾಟರಿಯ ವಯರು ಹಿಡಿದು ನೋಡಿದೆ. ಒಂದೂ ಕೆಂಪಾಗಲಿಲ್ಲ. ಜಗಲಿಯಲ್ಲಿ ಹಳೆಯ ಪೇಪರು ಹಾಸಿ ಸಾಲಾಗಿ ಇಟ್ಟೆ. ಹೊಸದು ಬೇಕಾದರೆ ಬೆಳ್ತಂಗಡಿಯ ಅಂಗಡಿ ತೆರೆಯಬೇಕು.

ಅಷ್ಟರಲ್ಲಿ ಒಳಗಿಂದ ರುಕಿಯಾ ಕಿರುಚಿದಳು. ಅವಳ ತಾಯಿ ಓಡಿ ಬಂದು, "ರಕ್ತ ಹೋಗ್ತಾ ಉಂಟು, ಬೇಗ ಕಾರು ತೆಗೆಯಿರಿ!" ಎಂದರು. ಹಸನಾಕ ಜೀಪಿನವನ ಮನೆಗೆ ಫೋನು ಮಾಡಿದರು. ಅವನು ಆಗಲೇ ಘಾಟಿ ಹತ್ತಿ ಹೋಗಿದ್ದ. ಅವರು ನನ್ನ ಮುಖ ನೋಡಿದರು. ಇಳಿಜಾರಿನಲ್ಲೇ ಬಿಟ್ಟಿದ್ದರೆ ಆ ಕಾರು ಅಷ್ಟು ಹೊತ್ತಿಗೆ ಬೆಳ್ತಂಗಡಿ ದಾರಿಯ ಕಕ್ಕಿಂಜೆ ದಾಟುತ್ತಿತ್ತು.

ಪ್ಲಗ್ಗು ಕೂರುವ ತೂತು ತೆರೆದಿದ್ದರೆ ಇಂಜಿನ್ ತಿರುಗಿಯೂ ಪ್ರಯೋಜನವಿಲ್ಲ. ಪೇಪರಿನಿಂದ ಆ ಸತ್ತ ಪ್ಲಗ್ಗುಗಳನ್ನೇ ಎತ್ತಿ ಮತ್ತೆ ಹಾಕಿದೆ. ಒಂದೊಂದನ್ನೇ ಬಿಗಿ ಮಾಡಿದ್ದು, ಸ್ಪಾನರ್ ಜಾರಿ ಬೆರಳ ಗೆಣ್ಣು ಸುಲಿದದ್ದು ಎಲ್ಲ ಚೆನ್ನಾಗಿ ನೆನಪಿದೆ. ಆಗದು ಎಂದು ಗೊತ್ತಿದ್ದೇ ಕೀ ತಿರುಗಿಸಿದೆ. ಅಬ್ಬಾ, ಮೊದಲ ಸುತ್ತಿಗೇ ಸ್ಟಾರ್ಟ್!

ನಾನೇ ಓಡಿಸಿದೆ. ಬೆಳ್ತಂಗಡಿಯಲ್ಲಿ ಹೆಣ್ಣು ಮಗು ಹುಟ್ಟಿತು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಹಸನಾಕ ನನ್ನ ಎರಡೂ ಕೈ ಹಿಡಿದು, "ನಿಮ್ಮ ಕೈಗುಣ ಮಾರಾಯ್ರೇ," ಎಂದು ಅತ್ತುಬಿಟ್ಟರು.

ಮಧ್ಯಾಹ್ನ ಬಟ್ಟೆಬರೆ ತರಲೆಂದು ನಾವಿಬ್ಬರೂ ಅದೇ ಕಾರಿನಲ್ಲಿ ಚಾರ್ಮಾಡಿಗೆ ಮರಳಿದೆವು. ಜಗಲಿ ಹತ್ತಿದವನು ನಿಂತಲ್ಲೇ ನಿಂತೆ. ಪೇಪರಿನ ಮೇಲೆ ನಾಲ್ಕು ಪ್ಲಗ್ಗುಗಳು, ನಾನು ಇಟ್ಟ ಹಾಗೇ. ವಯರು ಹಿಡಿದು ನೋಡಿದೆ; ನಾಲ್ಕೂ ಸತ್ತವೇ. ಹೋಗಿ ಬಾನೆಟ್ ಎತ್ತಿದೆ. ಇಂಜಿನ್ನಿನಲ್ಲೂ ನಾಲ್ಕು ಪ್ಲಗ್ ಕೂತಿದ್ದವು. ಒಂದರ ಪಕ್ಕ ನನ್ನ ಗೆಣ್ಣಿನ ರಕ್ತ ಒಣಗಿತ್ತು.

"ನಿಮ್ಮಲ್ಲಿ ಬೇರೆ ಪ್ಲಗ್ ಇತ್ತಾ?" ಎಂದು ಕೇಳಿದೆ.

"ಪ್ಲಗ್ ಅಂದ್ರೆ ಏನೂಂತ್ಲೇ ನನಗೆ ಗೊತ್ತಿಲ್ಲ," ಎಂದರು ಹಸನಾಕ.

ನನ್ನ ಚೀಲದಲ್ಲಿ ಇರಲಿಲ್ಲ, ಅದು ಖಂಡಿತ. ಇತ್ತೇನೋ? ಎಂದೋ ತಳದಲ್ಲಿ ಬಿದ್ದಿದ್ದವೋ? ಅದೂ ಅದೇ ಅಳತೆಯದ್ದು, ಸರಿಯಾಗಿ ನಾಲ್ಕು? ಪೇಪರಿನಿಂದ ಎತ್ತಿಕೊಂಡದ್ದು ನನಗೆ ನೆನಪಿದೆಯಲ್ಲ! ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ಎಲ್ಲಿಗೂ ಮುಟ್ಟುವುದಿಲ್ಲ.

ಇಂಜಿನ್ನಿನಲ್ಲಿದ್ದ ನಾಲ್ಕನ್ನು ಬಿಚ್ಚಿ ನೋಡಿದ್ದರೆ ಏನಾದರೂ ತಿಳಿಯುತ್ತಿತ್ತು. ಅವತ್ತು ಒಂದಕ್ಕೆ ಸ್ಪಾನರ್ ಹಚ್ಚಿದ್ದೂ ಹೌದು. ಆದರೆ ತಾಯಿ ಮಗು ಅದೇ ಕಾರಿನಲ್ಲಿ ಮನೆಗೆ ಬರಬೇಕಿತ್ತು. ಕೈ ಹಿಂದೆ ತೆಗೆದೆ. ಆಮೇಲೆ ಆ ಕಾರು ಎಷ್ಟೋ ಸಲ ಗ್ಯಾರೇಜಿಗೆ ಬಂತು, ಕೆಲವು ಸಲ ಹಿಂದಿನ ಸೀಟಿನಲ್ಲಿ ಆ ಹುಡುಗಿಯೂ ಇರುತ್ತಿದ್ದಳು. ಬ್ರೇಕು ನೋಡಿದೆ, ಕ್ಲಚ್ಚು ಬದಲಿಸಿದೆ. ಪ್ಲಗ್ಗುಗಳನ್ನು ಮಾತ್ರ ಮುಟ್ಟಲಿಲ್ಲ.