ಬ್ಯಾಟರಿಗೆ ಹಚ್ಚಿದ ಅರಿಶಿನ

ಆವತ್ತು ಕಾರು ನಿಂತದ್ದು ನನ್ನ ಕೈಯಿಂದ. ಶಕುನವೂ ಅಲ್ಲ, ಯಾರ ಕಣ್ಣೂ ಅಲ್ಲ, ಗಂಡ ಸತ್ತವಳು ಎದುರು ಬಂದದ್ದಂತೂ ಅಲ್ಲವೇ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗುಟ್ಟು ಬಚ್ಚಿಟ್ಟುಕೊಂಡು ಕೊನೆಗೆ ಬಿಡಿಸುವ ಜಾಣತನ ಓದಿದವರಿಗಿರಲಿ. ನಾನು ಮೂರನೇ ಕ್ಲಾಸಿಗೆ ಸ್ಲೇಟು ಒಡೆದುಕೊಂಡು ಮನೆಗೆ ಬಂದವಳು.

ಈಗ ಯಾಕೆ ನೆನಪಾಯಿತು ಅಂತೀರಾ? ಇವತ್ತು ವಿಜಯದಶಮಿ. ಬೆಳಿಗ್ಗೆ ಮೊಮ್ಮಗ ತನ್ನ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಚಾವಿ ತಿರುಗಿಸಿದ. ಟಕ್ ಅಂತು. ಮತ್ತೆ ತಿರುಗಿಸಿದ. ಟಕ್. ಜಗಲಿಯ ಮೇಲೆ ಕೂತಿದ್ದ ನನ್ನ ಮೂಗಿಗೆ ನಿಂಬೆ, ಅರಿಶಿನ, ಊದುಬತ್ತಿ, ಬಿಸಿಲಿಗೆ ಕಾದ ರಬ್ಬರು ಎಲ್ಲ ಕಲೆಸಿದ ಒಂದು ವಾಸನೆ ಬಂತು ನೋಡಿ, ಐವತ್ತು ವರ್ಷ ಎತ್ತ ಹೋದವೋ ತಿಳಿಯಲಿಲ್ಲ. ನಾನು ಹಿರಿಯೂರಿನ ಹಳೇ ಹೆಂಚಿನ ಮನೆಯ ಮುಂದೆ, ಕೈತುಂಬ ಹಸಿರು ಬಳೆ ತೊಟ್ಟುಕೊಂಡು ನಿಂತಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮದು ಕುರಿ ಕಾಯುವವರ ವಂಶ. ನಮ್ಮ ಯಜಮಾನರು ಮಾತ್ರ ತಮ್ಮ ಪಾಲಿನ ಕುರಿ ಮಾರಿ ಒಂದು ಹಳೇ ಕಾರು ತಂದು ಬಾಡಿಗೆಗೆ ಬಿಟ್ಟಿದ್ದರು. ತೆಂಗಿನಕಾಯಿ ಸಾವುಕಾರರನ್ನು ಚಿತ್ರದುರ್ಗಕ್ಕೆ ಕರೆದೊಯ್ದು ಕರೆತರುವ ಕೆಲಸ. ನೆಂಟರೆಲ್ಲ ಆಡಿಕೊಳ್ಳುತ್ತಿದ್ದರು: "ಕುರಿ ಆಗಿದ್ರೆ ಮರಿ ಹಾಕ್ತಿತ್ತು, ಇದು ಬರೀ ಹೊಗೆ ಹಾಕ್ತೈತೆ." ನನಗೇನೋ ಆ ಕಾರು ಇಷ್ಟವಿತ್ತು. ಮಧ್ಯಾಹ್ನ ಬೇವಿನ ನೆರಳಲ್ಲಿ ಅದು ಮಲಗಿದ ಎಮ್ಮೆಯ ಹಾಗೆ ಕಾಣುತ್ತಿತ್ತು. ಯಾರೂ ಇಲ್ಲದಾಗ ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರೆ ಎಲ್ಲಿಗೋ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ಎಲ್ಲಿಗೆ ಅಂತ ಕೇಳಬೇಡಿ. ಹಿರಿಯೂರು ಬಿಟ್ಟರೆ ಆಗ ನಾನು ನೋಡಿದ್ದ ದೊಡ್ಡ ಊರೆಂದರೆ ಹೊಸದುರ್ಗ.

ಮನೆಯಲ್ಲಿ ಅತ್ತೆ, ನಾವಿಬ್ಬರು, ಜೊತೆಗೆ ನಾದಿನಿ ಕೆಂಚಮ್ಮ. ಅವಳನ್ನು ಮತ್ತೋಡಿಗೆ ಕೊಟ್ಟಿದ್ದರು; ಎರಡೇ ವರ್ಷಕ್ಕೆ ಗಂಡ ಜ್ವರದಲ್ಲಿ ಹೋಗಿ ತವರಿಗೆ ಬಂದಿದ್ದಳು. ನಮ್ಮಲ್ಲಿ ಅಂಥವರಿಗೆ ಉಡಿಕೆ ಅಂತ ಉಂಟು: ಗಂಡಿನ ಕಡೆಯವರು ಹೊಸ ಸೀರೆ ಉಡಿಸಿದರೆ ಅವಳು ಆ ಮನೆಯವಳು. ಹೊರಕೆರೆದೇವಪುರದ ಹತ್ತಿರದ ಹಟ್ಟಿಯಿಂದ ಒಂದು ಮಾತು ಬಂದಿತ್ತು. ಹೆಂಡತಿ ತೀರಿಹೋದ ಮನುಷ್ಯ, ಕುರಿಮಂದೆ ಇತ್ತು. "ಹಬ್ಬದ ದಿನ ಬಂದು ಮಾತು ಮುಗಿಸ್ರಿ. ಮಾರನೇ ದಿನ ಮಧ್ಯಾಹ್ನ ಉಂಡು ಮಂದೆ ಬಿಡ್ತೀವಿ, ತಿರುಗಾ ಬರೋದು ಉಗಾದಿಗೇ. ನೀವು ಬರದಿದ್ರೆ ಬ್ಯಾಡ ಅಂತ ತಿಳ್ಕಂತೀವಿ" ಎಂದು ಹೇಳಿ ಕಳಿಸಿದ್ದರು. ಕೆಂಚಿ ಆ ವಾರ ಉಣ್ಣೆ ನೂಲುತ್ತಾ ತನಗೇ ಗೊತ್ತಿಲ್ಲದೆ ಗುನುಗುತ್ತಿದ್ದಳು. ಅವಳ ಗುನುಗು ಕೇಳಿ ಎರಡು ವರ್ಷವಾಗಿತ್ತು.

ವಿಜಯದಶಮಿಯ ಹಿಂದಿನ ದಿನ ಆಯುಧಪೂಜೆ. ನಮ್ಮ ಮನೆಯಲ್ಲಿ ಉಣ್ಣೆ ಕತ್ತರಿಸುವ ಕತ್ತರಿಗೆ, ಕೊಡಲಿಗೆ, ಒನಕೆಗೆ ಮೆತ್ತುವಷ್ಟು ಅರಿಶಿನ ಹಚ್ಚುವುದು ರೂಢಿ. ಎಲ್ಲಿ ಅದರ ಕೆಲಸವೋ ಅಲ್ಲಿಗೇ ಹಚ್ಚಬೇಕು, ಕತ್ತರಿಗಾದರೆ ಬಾಯಿಗೆ. ಯಜಮಾನರು ಬ್ಯಾಟರಿಯ ವೈರು ಬಿಚ್ಚಿ, ಅದರ ಎರಡು ಸೀಸದ ಗೂಟಗಳನ್ನು ಉಜ್ಜಿ ಬೆಳ್ಳಗೆ ಮಾಡಿದರು. "ಕಾರಿನ ಜೀವ ಇರೋದು ಇಲ್ಲೇ ಕಣೆ" ಅಂದು ಸ್ನಾನಕ್ಕೆ ಹೋದರು. ಜೀವ ಇಲ್ಲೇ ಇದ್ದ ಮೇಲೆ ಬಾನೆಟ್ಟಿಗೆ ಹಚ್ಚಿ ಏನು ಬಂತು? ಎರಡೂ ಗೂಟಗಳಿಗೆ ಅರಿಶಿನ ಮೆತ್ತಿದೆ. ಬಳೆ ತೊಡಿಸುವ ಹಾಗೆ ವೈರಿನ ಪಟ್ಟಿಗಳನ್ನೂ ನಾನೇ ಮೇಲೆ ತೊಡಿಸಿದೆ. ಅವರು ಬಂದು ನೋಡದೆ ಬಿಗಿ ಮಾಡಿದರು. ಪೂಜೆಯ ದಿನ ಗಾಡಿ ಹೊರಡಿಸುವಂತಿಲ್ಲ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅರಿಶಿನ ಒಳಗೇ ಒಣಗಿ ಗಾರೆಯಾಗಿತ್ತು.

ಹಬ್ಬದ ಬೆಳಿಗ್ಗೆ ಅತ್ತೆ ಹಿಂದಿನ ಸೀಟಿನಲ್ಲಿ ಎಲೆಅಡಿಕೆ ಹಿಡಿದು ಕೂತರು. ಬಂಪರಿಗೆ ಕಟ್ಟಿದ ಬಾಳೆಕಂದು ಎಳೆಬಿಸಿಲಿನಲ್ಲಿ ಮೆಲ್ಲಗೆ ತೂಗುತ್ತಿತ್ತು. ದಾರಿಗೆ ಕುಡಿಯಲು ನೀರು ಬೇಕೆಂದು ಕೆಂಚಿ ಚೊಂಬು ಹಿಡಿದು ಹೊರಗೆ ಬಂದಳು. ಅವಳು ಕಾರಿನ ಮುಂದೆ ಬರುವುದಕ್ಕೂ ಯಜಮಾನರು ಚಾವಿ ತಿರುಗಿಸುವುದಕ್ಕೂ ಸರಿಹೋಯಿತು.

ಟಕ್.

"ಅಯ್ಯೋ ಪಾಪಿ, ನೀನ್ಯಾಕೆ ಎದುರಿಗೆ ಬಂದ್ಯೇ!" ಅತ್ತೆ ಹಣೆ ಚಚ್ಚಿಕೊಂಡರು. ಹೆತ್ತ ಮಗಳೇ, ಆದರೂ ಬಾಯಿಗೆ ಬಂದದ್ದು ಅದು. ಅದಕ್ಕಿಂತ ದೊಡ್ಡ ಗಂಟಲು ನನ್ನದೇ: "ಒಳಗಿರೋಕೆ ಏನಾಗಿತ್ತೇ ನಿಂಗೆ?" ಕೆಂಚಿ ಚೊಂಬನ್ನು ನೆಲದ ಮೇಲಿಟ್ಟು ಒಳಗೆ ಹೋದಳು.

ತಳ್ಳಿ ಸ್ಟಾರ್ಟ್ ಮಾಡೋಣ ಅಂದರು ಯಜಮಾನರು. ಅತ್ತೆ ಬಿಡಲಿಲ್ಲ. "ಶುಭದ ಮಾತಿಗೆ ಹೋಗೋ ಗಾಡಿನ ಹಿಂದಿಂದ ತಳ್ತಾರೇನಪ್ಪ? ದೇವರು ಬ್ಯಾಡ ಅಂದೈತೆ, ಬಿಡು" ಎಂದು ಇಳಿದೇ ಬಿಟ್ಟರು. ಯಜಮಾನರು ಸ್ಪ್ಯಾನರಿನಿಂದ ಸ್ಟಾರ್ಟರಿಗೆ ನಾಲ್ಕು ಬಡಿದರು. ಟಕ್ ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಬ್ಯಾಟರಿ ಸಾಬರನ್ನು ಕರೆಯಲು ಸೈಕಲ್ ಹತ್ತಿ ಹೋದರು.

ಹಬ್ಬದ ದಿನ ಸಾಬರು ಸಿಗುವಷ್ಟರಲ್ಲಿ ಹೊತ್ತು ಇಳಿದಿತ್ತು. ಬಂದವರೇ, "ಹೆಡ್‌ಲೈಟ್ ಹಾಕ್ರಿ" ಅಂದರು. ಜಗ್ಗಂತ ಹತ್ತಿತು. "ಈಗ ಚಾವಿ ತಿರುಗಿಸ್ರಿ." ಟಕ್ ಅಂದಿತು, ದೀಪ ಸತ್ತೇಹೋಯಿತು. ಬಿಟ್ಟರೆ ಮತ್ತೆ ಉರಿಯಿತು. ಸಾಬರು ನಕ್ಕರು. "ಕೆರೆ ತುಂಬೈತೆ, ತೂಬು ಕಟ್ಕಂಡೈತೆ. ಸ್ಟಾರ್ಟರ್ ಪಾಪ, ನೀರು ಬಿಡ್ರಪ್ಪ ಅಂತ ಕದ ತಟ್ತೈತೆ ಅಷ್ಟೇ."

ಇನ್ನೆರಡು ಸಲ ಚಾವಿ ತಿರುಗಿಸಲು ಹೇಳಿ, ವೈರು ಕೂಡುವ ಜಾಗಗಳನ್ನೆಲ್ಲ ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತಾ ಬಂದರು. ಬ್ಯಾಟರಿಯ ಗೂಟ ಮುಟ್ಟಿದವರು ಚಕ್ಕನೆ ಕೈ ತೆಗೆದರು. "ಯಾವುದು ಬಿಸಿ ಆಗ್ತೈತೋ ಅದೇ ಕಳ್ಳ ಕಣ್ರಿ." ಬೆಳಿಗ್ಗೆ ಎಲ್ಲರಿಗಿಂತ ಬಿಸಿಯಾಗಿದ್ದವಳು ನಾನು ಅಂತ ಆಗ ನನಗೆ ಹೊಳೆಯಲಿಲ್ಲ. ಯಜಮಾನರು ಮರಳು ಕಾಗದ ತರಲು ಒಳಗೆ ಹೋದಾಗ ಸಾಬರು ಪಟ್ಟಿ ಬಿಚ್ಚಿದರು. ಒಳಗೆಲ್ಲ ಹಳದಿ. ಅದನ್ನು ನೋಡಿದರು, ನನ್ನ ಕೈ ನೋಡಿದರು.

"ಪೂಜೆ ಮೇಲ್ಗಡೆ ಮಾಡ್ರಿ ತಾಯಿ, ಒಳಗೆ ಬ್ಯಾಡ" ಅಂದರು, ಮೆಲ್ಲಗೆ.

ನಾನು ಸೆರಗಿನಿಂದ ಹಳದಿ ಒರೆಸಿಬಿಟ್ಟೆ. ಯಜಮಾನರು ಬಂದು ಏನಂತೆ ಅಂದಾಗ "ತುಕ್ಕಂತೆ" ಅಂದೆ. ಸಾಬರು ತಲೆ ಎತ್ತಲಿಲ್ಲ. ಮದುವೆಯಾಗಿ ಮೂರು ವರ್ಷ, ಮಕ್ಕಳಾಗಿರಲಿಲ್ಲ, ಅದರ ಮೇಲೆ ಇದೊಂದು ಬೇಡವಾಗಿತ್ತು. ಹೆದರಿದೆ, ಅಷ್ಟೇ. ಉಜ್ಜಿ ಕಟ್ಟಿದ ಮೇಲೆ ಒಂದೇ ಸಲಕ್ಕೆ ಕಾರು ಗುಡುಗಿತು. ಅತ್ತೆ ಒಳಗಿಂದಲೇ ಕೂಗಿದರು: "ಗಾಡಿ ಸರಿ ಆದ್ರೆ ಶಕುನ ಸರಿ ಆಗ್ತೈತೇನೋ?"

ಹಿತ್ತಿಲಿಗೆ ಹೋದೆ. ಕೆಂಚಿ ನೂಲುತ್ತಿದ್ದಳು. ಕದರು ನೆಲ ಮುಟ್ಟದೆ ಗಾಳಿಯಲ್ಲಿ ತಿರುಗುತ್ತಲೇ ಇತ್ತು. ಇಳಿಬಿಸಿಲಿನಲ್ಲಿ ಉಣ್ಣೆಯ ಧೂಳು ಹೊಳೆಯುತ್ತಾ ತೇಲುತ್ತಿತ್ತು.

"ಬಿಡತ್ತಿಗೆ" ಅಂದಳು, ನನ್ನ ಕಡೆ ನೋಡದೆ. "ನಾನು ಎದುರಿಗೆ ಬರಬಾರ್ದಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ತಪ್ಪನ್ನು ಅವಳು ತನ್ನದೆಂದು ನಂಬಿದ್ದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಇವತ್ತು ಮೊಮ್ಮಗ ಫೋನು ತೆಗೆದು ಮೆಕ್ಯಾನಿಕ್‌ನನ್ನು ಹುಡುಕುತ್ತಿದ್ದ. "ಲೇ, ಲೈಟ್ ಹಾಕೋ. ಚಾವಿ ತಿರುಗಿಸು. ಈಗ ಮುಟ್ಟಿ ನೋಡು, ಯಾವುದು ಬಿಸಿ ಐತೆ?" ಅಂದೆ. ಮುಟ್ಟಿದ, "ಅಬ್ಬಾ!" ಅಂದ. ಬಿಚ್ಚಿದರೆ ತುಕ್ಕು, ಇವನದು ನಿಜವಾದ ತುಕ್ಕು. ಉಜ್ಜಿದ, ಕಾರು ಹೊರಟಿತು. "ಯಾರಜ್ಜಿ ಹೇಳಿಕೊಟ್ಟಿದ್ದು ನಿಂಗೆ?" ಅಂತ ಬಾಯಿ ಬಿಟ್ಟುಕೊಂಡು ನಿಂತ. ಹೊರಗಿನವರು ಯಾರು ಕೇಳಿದರೂ ಇಷ್ಟು ವರ್ಷ ತುಕ್ಕು ಅಂತಲೇ ಹೇಳಿದವಳು, ಇವತ್ತು ಅರಿಶಿನ ಅಂದೆ. ಇನ್ನುಳಿದದ್ದನ್ನು ಹೊರಕೆರೆದೇವಪುರಕ್ಕೆ ಹೋಗಿ ನಿಮ್ಮ ಕೆಂಚಮ್ಮಜ್ಜಿಯ ಬಾಯಲ್ಲೇ ಕೇಳು ಅಂದೆ.

ಆ ಹಬ್ಬದ ಮಾರನೇ ಬೆಳಿಗ್ಗೆ ನಾನು ಮಾಡಿದ್ದು ಇಷ್ಟು. ಕಸ ಗುಡಿಸುವ ಮೊದಲೇ ಹೋಗಿ ಅತ್ತೆಯ ಮುಂದೆ ಹಳದಿ ಸೆರಗು ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ನಿನ್ನ ಕೈ ಸೇದಿಹೋಗ" ಅಂದರು. ಅನ್ನಲಿ. ಅದೇ ಚೊಂಬಿಗೆ ನೀರು ತುಂಬಿ ಕೆಂಚಿಯ ಕೈಗೆ ಕೊಟ್ಟು, ಅವಳನ್ನು ರಟ್ಟೆ ಹಿಡಿದು ತಂದು ಕಾರಿನ ಎದುರಿಗೆ, ನಿನ್ನೆ ನಿಂತಿದ್ದ ಜಾಗದಲ್ಲೇ ನಿಲ್ಲಿಸಿದೆ. "ಅಲ್ಲಾಡಬ್ಯಾಡ" ಅಂದೆ. ಯಜಮಾನರಿಗೆ ಚಾವಿ ತಿರುಗಿಸಲು ಹೇಳಿದೆ. ಕಾರು ಗುಡುಗಿದ ಏಟಿಗೆ ಕೆಂಚಿ ಬೆಚ್ಚಿಬಿದ್ದು ಅರ್ಧ ಚೊಂಬು ನೀರು ನನ್ನ ಕಾಲ ಮೇಲೆ ಚೆಲ್ಲಿದಳು.

"ಹೋಗಾಣ ನಡೀರಿ, ಮಂದೆ ಬಿಡೋದ್ರೊಳಗೆ ಮುಟ್ಟಬೇಕು" ಅಂದೆ. ಹೆಣ್ಣು ತಾನೇ ಮಾತಿಗೆ ಹೋಗುವ ಪದ್ಧತಿ ಇಲ್ಲ ಅಂದರು ಅತ್ತೆ.

"ಪದ್ಧತಿ ನಿನ್ನೆ ನೋಡಿದ್ದಾಯ್ತಲ್ಲತ್ತೆ" ಅಂದೆ. ಕೆಂಚಿಯನ್ನು ಮುಂದಿನ ಸೀಟಿಗೆ ಹತ್ತಿಸಿ, ಉಳಿದ ನೀರಿನ ಚೊಂಬನ್ನು ಅವಳ ಮಡಿಲಲ್ಲಿಟ್ಟು, ಬಾಗಿಲನ್ನು ನಾನೇ ಹಾಕಿದೆ.